ಗಜನಿಯಲ್ಲಿ ಕಗ್ಗ: ಗೆಲ್ಲಬೇಕೆಂದವರಿಗೆ ಹನ್ನೊಂದು ಸೂತ್ರಗಳು

ಅಘನಾಶಿನಿ ಅಳಿವೆಯ ದಂಡೆಯ ಸಾಣಿಕಟ್ಟಾದಲ್ಲಿ ಜನ ಉಪ್ಪು ಬೆಳೆಯುತ್ತಾರೆ. ಅದೇ ಅಳಿವೆಯ ಮಾಣಿಕಟ್ಟಾ ಗಜನಿಯಲ್ಲಿ, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ತಡೆದು ನಿಲ್ಲುವ ತಳಿ ಇದು. ಆದರೂ ಈ ಅಳಿವೆ ಇರುವ ಕುಮಟಾ ತಾಲೂಕಿನಲ್ಲಿ ಪಾಳು ಬಿದ್ದ ಗಜನಿಗಳಿಗೆ ಲೆಕ್ಕವಿಲ್ಲ. ಅದರಲ್ಲಿ ಕಗ್ಗದ ತಪ್ಪೇನೂ ಇಲ್ಲ. ಕಟ್ಟೆ ಒಡೆಯಿತು, ಕೆಲಸಕ್ಕೆ ಜನ ಸಿಗಲಿಲ್ಲ, ಅಕ್ಕಪಕ್ಕದವರ ಒಪ್ಪಂದ ಮುರಿಯಿತು. ಉಪ್ಪು ತಡೆಯುವ ಶಕ್ತಿ ಬೀಜದಲ್ಲೇ ಇದೆ. ಹೊತ್ತು ನೋಡಿ ನೀರು ಬಿಡುವುದು, ಕಟ್ಟುವುದು ನಿಮ್ಮ ಕೆಲಸ. ಅದನ್ನೂ ಒಬ್ಬರೇ ಮಾಡಲಾಗದು. ಗಜನಿಗೆ ಮತ್ತೆ ಕಾಲಿಡಬೇಕೆಂದಿರುವವರಿಗೂ ಕಗ್ಗದ ಅಕ್ಕಿ ಉಣ್ಣಬೇಕೆಂದಿರುವವರಿಗೂ ಇಲ್ಲಿವೆ ಸೂತ್ರಗಳು.

1. ಮೊದಲು ಕಟ್ಟೆ, ಆಮೇಲೆ ಬೀಜ

ಬೇಸಿಗೆಯಲ್ಲೇ ಕಟ್ಟೆಯ ಉದ್ದಕ್ಕೂ ನಡೆದು ನೋಡಿ. ಎತ್ತರ ಎಷ್ಟು ಬೇಕೆಂದು ಅಮಾವಾಸ್ಯೆ ಅಥವಾ ಹುಣ್ಣಿಮೆಯ ದೊಡ್ಡ ಉಬ್ಬರವೇ ತೋರಿಸಿಕೊಡುತ್ತದೆ. ಆ ದಿನ ನೀರು ಮುಟ್ಟಿದ ಗೆರೆಗಿಂತ ಮೇಲೆ ಮಣ್ಣು ಏರಿಸಿ. ಏಡಿ ತೋಡಿದ ಬಿಲಗಳೇ ಕಟ್ಟೆಯ ದೊಡ್ಡ ಶತ್ರು. ಒಳಬದಿಯಲ್ಲಿ ನೀರು ಜಿನುಗುತ್ತಿದ್ದರೆ ಅದರ ಬಣ್ಣ ನೋಡಿ. ತಿಳಿನೀರಾದರೆ ಕಣ್ಣಿಟ್ಟಿರಿ. ಕದಡಿದ ನೀರಾದರೆ ಒಳಗಿನ ಮಣ್ಣು ಕೊಚ್ಚಿ ಹೋಗುತ್ತಿದೆ ಎಂದರ್ಥ, ಅಂದೇ ಮುಚ್ಚಬೇಕು. ಮುಚ್ಚುವುದು ಗದ್ದೆಯ ಬದಿಯಿಂದಲ್ಲ, ನದಿಯ ಬದಿಯಿಂದ. ಹುಲ್ಲು ಬೆರೆಸಿದ ಜೇಡಿಮಣ್ಣನ್ನು ಅಲ್ಲಿ ತುಂಬಿ ತುಳಿದರೆ ನೀರಿನ ಒತ್ತಡವೇ ಅದನ್ನು ಬಿಲದೊಳಕ್ಕೆ ಒತ್ತಿ ಕೂರಿಸುತ್ತದೆ. ಗದ್ದೆಯ ಬದಿಯಲ್ಲಿ ಮೆತ್ತಿದ ಮಣ್ಣು ಮುಂದಿನ ಉಬ್ಬರಕ್ಕೇ ಕಿತ್ತು ಬರುತ್ತದೆ. ಕಟ್ಟೆಯ ಹೊರಗಿರುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಕಡಿಯಬೇಡಿ. ಅಲೆಯ ಹೊಡೆತ ಮೊದಲು ಬೀಳುವುದು ಅವುಗಳ ಮೇಲೆ.

2. ತೂಬಿನ ಬಾಗಿಲು ಒಬ್ಬರ ಕೈಯಲ್ಲಿರಲಿ

ಗಜನಿಯ ಪ್ರಾಣ ಇರುವುದು ಹಲಗೆ ಬಾಗಿಲಲ್ಲಿ. ಇಳಿತದಲ್ಲಿ ತೆರೆದರೆ ಒಳಗಿನ ಮಳೆನೀರು ಉಪ್ಪನ್ನು ಹೊತ್ತುಕೊಂಡು ಹೊರಗೆ ಹೋಗುತ್ತದೆ. ಉಬ್ಬರ ಏರುವ ಮೊದಲು ಮುಚ್ಚಿದರೆ ಹೊರಗಿನ ಉಪ್ಪು ಹೊರಗೇ ಉಳಿಯುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಇಂದು ಬೆಳಿಗ್ಗೆ ಏಳಕ್ಕೆ ಮುಚ್ಚಿದವರು ನಾಲ್ಕು ದಿನ ಬಿಟ್ಟು ಹತ್ತರ ಸುಮಾರಿಗೆ ಮುಚ್ಚಬೇಕು. ಬೆಳಗಿನ ಉಬ್ಬರ ಮುಗಿದು ಹನ್ನೆರಡೂವರೆ ಗಂಟೆ ಕಳೆಯುವಷ್ಟರಲ್ಲಿ ಇನ್ನೊಂದು ಬರುತ್ತದೆ. ಅಂದರೆ ರಾತ್ರಿಯ ಕಾವಲು ತಪ್ಪಿದ್ದಲ್ಲ. “ಯಾರಾದರೂ ಮುಚ್ಚುತ್ತಾರೆ” ಎಂದು ಬಿಟ್ಟ ಬಾಗಿಲನ್ನು ಯಾರೂ ಮುಚ್ಚುವುದಿಲ್ಲ. ಆ ಹಂಗಾಮಿಗೆ ಒಬ್ಬರನ್ನು ಗೊತ್ತುಮಾಡಿ. ಅವರ ಕೂಲಿಯನ್ನು ಎಲ್ಲ ಗದ್ದೆಯವರೂ ಜಮೀನಿನ ಅಳತೆಗೆ ತಕ್ಕಂತೆ ಹಂಚಿಕೊಳ್ಳಿ.

3. ಉಪ್ಪು ತೊಳೆಯುವ ಕೆಲಸ ಮಳೆಗೆ ಬಿಡಿ

ಈ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಇದಕ್ಕಿಂತ ಅಗ್ಗದ ನೀರಾವರಿ ಬೇರೆಲ್ಲೂ ಸಿಗದು. ಮೊದಲ ಜಡಿಮಳೆಗಳ ನೀರನ್ನು ಗದ್ದೆಯಲ್ಲಿ ನಿಲ್ಲಿಸಿ, ಇಳಿತ ನೋಡಿ ಬಸಿಯಿರಿ, ಮತ್ತೆ ನಿಲ್ಲಿಸಿ, ಮತ್ತೆ ಬಸಿಯಿರಿ. ಎಷ್ಟು ಸಲ ಎಂಬುದನ್ನು ಅಂದಾಜಿಗೆ ಬಿಡದೆ ಅಳೆಯಿರಿ. ಲವಣಾಂಶ ಅಳೆಯುವ ಪುಟ್ಟ ಇ.ಸಿ. ಮೀಟರ್ ಊರಿಗೊಂದು ಇದ್ದರೆ ಸಾಕು. ಸಮುದ್ರದ ನೀರು ಅದರಲ್ಲಿ ಸುಮಾರು 50 ಡೆಸಿಸೈಮನ್ಸ್/ಮೀಟರ್ ತೋರಿಸುತ್ತದೆ. ಬೇರಿನ ಸುತ್ತಲಿನ ಮಣ್ಣಿನಲ್ಲಿ ಈ ಅಂಕಿ 3 ದಾಟಿತೆಂದರೆ ಸಾಮಾನ್ಯ ಭತ್ತದ ಇಳುವರಿ ಇಳಿಯತೊಡಗುತ್ತದೆ. ಕಗ್ಗ ಅದಕ್ಕಿಂತ ಹೆಚ್ಚು ತಡೆದೀತು, ಆದರೆ ಎಳೆ ಸಸಿಯ ಮೇಲೆ ಆ ಭಾರ ಹಾಕಬೇಡಿ. ಗದ್ದೆಯ ತೀರಾ ತಗ್ಗಿನ ಮೂಲೆಯಲ್ಲೂ ಅಳೆದು ನೋಡಿ, ಮೋಸವಾಗುವುದೇ ಅಲ್ಲಿ. ಮಣ್ಣಿನ ಪೂರ್ಣ ಪರೀಕ್ಷೆ ಬೇಕಿದ್ದರೆ ಶಿರಸಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.

4. ಬೀಜ ಹೊರಗೆ ಹುಡುಕಬೇಡಿ

ಕರಿ ಕಗ್ಗ, ಬಿಳಿ ಕಗ್ಗ ಎರಡೂ ಈ ಮಣ್ಣಿನಲ್ಲೇ ಪಳಗಿದವು. ಅಂಗಡಿಯಲ್ಲಿ ಸಿಗುವ ಬೀಜವಲ್ಲ ಇದು. ಬೆಳೆಯುವವರ ಮನೆಯಿಂದಲೇ ತರಬೇಕು, ಮುಂದಿನ ವರ್ಷಕ್ಕೆ ನೀವೇ ಎತ್ತಿಡಬೇಕು. ಬೀಜಕ್ಕೆ ತೆನೆ ಆರಿಸುವಾಗ ಗದ್ದೆಯ ಹುಲುಸಾದ ಭಾಗಕ್ಕೆ ಮನಸೋಲದೆ, ತಗ್ಗಿನ ಉಪ್ಪು ಮೂಲೆಯಲ್ಲಿ ತಡೆದು ನಿಂತು ತೆನೆ ಕಟ್ಟಿದ ಬುಡಗಳಿಂದಲೂ ಆರಿಸಿ. ಚೆನ್ನಾಗಿ ಒಣಗಿಸಿ ಕನಿಷ್ಠ ಎರಡು ಮನೆಗಳಲ್ಲಿ ಇಡಿ. ಒಂದು ಮನೆಗೆ ನೆರೆ ನುಗ್ಗಿದರೂ ತಳಿ ಉಳಿಯುತ್ತದೆ. ಬೀಜ ಉಳಿಸುವ, ಬಿತ್ತುವ, ವಿನಿಮಯ ಮಾಡಿಕೊಳ್ಳುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯೇ ರೈತರಿಗೆ ಕೊಟ್ಟಿದೆ.

5. ಮೊಳಕೆ ತರಿಸಿ ಬಿತ್ತಿ, ತಿಥಿ ನೋಡಿ ಬಿತ್ತಿ

ಭತ್ತವನ್ನು ಸಿಹಿನೀರಿನಲ್ಲಿ ಒಂದು ದಿನ ನೆನೆಸಿ, ಬಸಿದು, ಹುಲ್ಲು ಮುಚ್ಚಿ ಬೆಚ್ಚಗಿಡಿ. ಬಿಳಿ ಮೊಳಕೆ ಮೂತಿ ತೋರಿಸಿದಾಗಲೇ ಬಿತ್ತಿ. ಉದ್ದವಾಗಲು ಬಿಟ್ಟರೆ ಎರಚುವಾಗ ಮುರಿಯುತ್ತದೆ. ಮೊಳೆಯುವಾಗ ಭತ್ತ ಉಪ್ಪನ್ನು ಚೆನ್ನಾಗಿಯೇ ತಡೆಯುತ್ತದೆ, ಎರಡು ಮೂರು ಎಲೆ ಬಂದಾಗ ತೀರಾ ನಾಜೂಕಾಗುತ್ತದೆ. ಬಿತ್ತನೆಯನ್ನು ಅಷ್ಟಮಿಯ ಆಸುಪಾಸಿಗೆ ಇಟ್ಟುಕೊಳ್ಳಿ. ಆಗ ಉಬ್ಬರ ಸಣ್ಣದು, ಕಟ್ಟೆಯ ಮೇಲೆ ಒತ್ತಡ ಕಡಿಮೆ, ಬೇರೂರಲು ಕೆಲವು ದಿನದ ಬಿಡುವು ಸಿಗುತ್ತದೆ. ಉಪ್ಪು ತಡೆಯುವ ಪೊಕ್ಕಾಳಿ ಭತ್ತ ಬೆಳೆಯುವ ಕೇರಳದ ರೈತರ ಒಂದು ಉಪಾಯವೂ ಗೊತ್ತಿರಲಿ. ಅವರು ಬೇಸಿಗೆಯಲ್ಲೇ ಗದ್ದೆಯಲ್ಲಿ ಮಣ್ಣಿನ ದಿಬ್ಬಗಳನ್ನು ಮಾಡಿ, ಮಳೆ ಅವುಗಳ ನೆತ್ತಿಯ ಉಪ್ಪನ್ನು ತೊಳೆದ ಮೇಲೆ ಅಲ್ಲೇ ಮೊಳಕೆ ಬಿತ್ತುತ್ತಾರೆ. ಸುಮಾರು ತಿಂಗಳ ಬಳಿಕ ದಿಬ್ಬವನ್ನು ಸಸಿಯ ಸಮೇತ ಕಡಿದು ಗದ್ದೆಗೆ ಹರಡುತ್ತಾರೆ. ಹಟ ಹಿಡಿದು ಉಪ್ಪು ಬಿಡದ ಮೂಲೆಗಳಲ್ಲಿ ನೀವೂ ಇದನ್ನು ಮಾಡಿ ನೋಡಬಹುದು.

6. ಗೊಬ್ಬರದ ಚೀಲ ಮನೆಯಲ್ಲೇ ಇರಲಿ

ಉಬ್ಬರ ತಂದು ಹಾಕುವ ಹೂಳು, ಹಿಂದಿನ ವರ್ಷದ ಕೊಳೆತ ಹುಲ್ಲು, ಮೀನು ಸಿಗಡಿಗಳ ಕಸ ಇಷ್ಟೇ ಕಗ್ಗಕ್ಕೆ ಸಾಕು. ಎತ್ತರಕ್ಕೆ ಬೆಳೆಯುವ ಪೈರಿಗೆ ಯೂರಿಯಾ ಸುರಿದರೆ ಅದು ಸೊಕ್ಕಿ ಬೆಳೆದು, ಗಾಳಿಗೆ ಒರಗಿ, ತೆನೆ ನೀರು ಕಚ್ಚುತ್ತದೆ. ಕೀಟನಾಶಕವಂತೂ ಬೇಡವೇ ಬೇಡ. ಅದೇ ನೀರಿನಲ್ಲಿ ನಿಮ್ಮ ಎರಡನೇ ಆದಾಯ ಈಜಾಡುತ್ತಿರುತ್ತದೆ.

7. ಒಟ್ಟಿಗೆ ಬಿತ್ತಿ, ಒಟ್ಟಿಗೆ ಕಾಯಿರಿ

ಗಜನಿಗೆ ಹಕ್ಕಿಗಳ ಕಾಟ ತಪ್ಪಿದ್ದಲ್ಲ. ಬಿತ್ತಿದ ಮೊಳಕೆಗೆ ಒಂದು ಹಿಂಡು, ಹಾಲು ತುಂಬಿದ ತೆನೆಗೆ ಇನ್ನೊಂದು. ನೇರಳೆ ಜಂಬುಕೋಳಿಗಳಾದರೆ ಕಾಂಡವನ್ನೇ ಮುರಿದು ಹಾಕುತ್ತವೆ. ಇಡೀ ಬಯಲಿನಲ್ಲಿ ಒಬ್ಬರೇ ಬಿತ್ತಿದರೆ ಬಂದ ಹಕ್ಕಿಗಳೆಲ್ಲ ಅವರ ಗದ್ದೆಯಲ್ಲೇ ಇಳಿಯುತ್ತವೆ. ಎಲ್ಲರೂ ಒಂದೆರಡು ದಿನದೊಳಗೆ ಬಿತ್ತಿದರೆ ನಷ್ಟ ಹಂಚಿಹೋಗುತ್ತದೆ, ಕಾವಲಿನ ಪಾಳಿಯೂ ಹಂಚಿಹೋಗುತ್ತದೆ. ಜೊತೆಗೆ ಕೊಯ್ಲು ಒಂದೇ ಸಲ ಬರುವುದರಿಂದ ಬಾಗಿಲು ತೆರೆಯುವ ದಿನದ ಬಗ್ಗೆ ಜಗಳವೂ ಇರುವುದಿಲ್ಲ.

8. ಹೂವಿನ ದಿನದಿಂದ ಹಿಂದಕ್ಕೆ ಎಣಿಸಿ

ಸಸಿ ಎಳೆಯದಾಗಿದ್ದಾಗ ಒಮ್ಮೆ, ಹೊಡೆ ತುಂಬಿ ಹೂ ಬಿಡುವಾಗ ಇನ್ನೊಮ್ಮೆ, ಹೀಗೆ ಭತ್ತ ಉಪ್ಪಿಗೆ ಸೋಲುವುದು ಎರಡು ಸಲ. ಮಳೆ ಹಿಂದೆ ಸರಿದಂತೆ ನದಿಯ ಹರಿವು ಇಳಿದು ಸಮುದ್ರದ ನೀರು ಅಳಿವೆಯೊಳಗೆ ಏರುತ್ತದೆ. ಅಷ್ಟರೊಳಗೆ ಹೂವಿನ ಹಂತ ದಾಟಿರಬೇಕು. ನಿಮ್ಮ ಗಜನಿಯ ನೀರು ಯಾವ ವಾರ ಉಪ್ಪಾಗುತ್ತದೆ ಎಂದು ಪ್ರತಿ ವರ್ಷ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಬಿತ್ತನೆಯ ಕೊನೆಯ ದಿನ ಗೊತ್ತುಮಾಡಿ. ಆ ದಿನ ದಾಟಿದರೆ ಬಿತ್ತಬೇಡಿ, ಬೀಜ ಉಳಿಸಿ. ಕೊಯ್ಲಿನಲ್ಲಿ ನೀರು ನಿಂತಿದ್ದರೆ ತೆನೆಯ ಭಾಗ ಮಾತ್ರ ಕತ್ತರಿಸಿ ದೋಣಿಗೆ ತುಂಬಿ. ಗದ್ದೆಯಲ್ಲೇ ನಿಂತ ಹುಲ್ಲು ಕೊಳೆತು ಮೀನು ಮರಿಗಳಿಗೆ ಮೇವಾಗುತ್ತದೆ.

9. ಸಿಗಡಿಗೆ ಗದ್ದೆ ಕೊಡಿ, ತಾರೀಕು ಬರೆದು ಕೊಡಿ

ಕೊಯ್ಲಾದ ಮೇಲೆ ಬಾಗಿಲು ತೆರೆದರೆ ಉಬ್ಬರದ ಜೊತೆ ಸಿಗಡಿ, ಏಡಿ, ಮೀನು ತಾವಾಗಿ ಒಳಗೆ ಬರುತ್ತವೆ. ಅನೇಕ ಗಜನಿಗಳಲ್ಲಿ ಈ ಫಸಲಿನ ಹಣವೇ ಕಟ್ಟೆಯ ಖರ್ಚನ್ನು ಹೊರುತ್ತದೆ. ಸಿಗಡಿಯ ಆಸೆಗೆ ವರ್ಷವಿಡೀ ಉಪ್ಪುನೀರು ನಿಲ್ಲಿಸಿದಲ್ಲಿ ಕಗ್ಗ ಮುಗಿದಂತೆಯೇ. ಪೊಕ್ಕಾಳಿ ಸೀಮೆಯಲ್ಲಿ ಸಿಗಡಿಯ ಅವಧಿ ನವೆಂಬರ್ 15ರಿಂದ ಏಪ್ರಿಲ್ 14ರವರೆಗೆ ಎಂಬ ಕಟ್ಟಳೆ ಇದೆ. ನೀವೂ ಗುತ್ತಿಗೆ ಕೊಡುವಾಗ ಮೂರು ಮಾತನ್ನು ಕಾಗದದ ಮೇಲೆ ಬರೆಸಿಕೊಳ್ಳಿ: ನೀರು ಖಾಲಿ ಮಾಡುವ ತಾರೀಕು, ಕಟ್ಟೆ ಕೆಟ್ಟರೆ ರಿಪೇರಿ ಯಾರದು, ಹೊರಗಿನ ರಾಸಾಯನಿಕ ಹಾಕಿದರೆ ದಂಡ ಎಷ್ಟು. ಬಾಯಿಮಾತು ಮೇ ತಿಂಗಳಲ್ಲಿ ಯಾರಿಗೂ ನೆನಪಿರುವುದಿಲ್ಲ.

10. ಅಡುಗೆಗೆ ಅವಸರ ಬೇಡ

ಕಗ್ಗದ ಅನ್ನ ಉಪ್ಪುಪ್ಪಾಗಿರುತ್ತದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಉಪ್ಪು ತಡೆಯುವ ಭತ್ತ ಸೋಡಿಯಂನ ಬಹುಪಾಲನ್ನು ಬೇರಿನಲ್ಲೇ ತಡೆಯುತ್ತದೆ, ಮೀರಿ ಬಂದದ್ದನ್ನು ಕಾಂಡದಲ್ಲೂ ಹಳೆಯ ಎಲೆಗಳಲ್ಲೂ ಕೂಡಿಡುತ್ತದೆ. ಕಾಳಿಗೆ ತಲುಪುವುದು ಬಹಳ ಕಡಿಮೆ. ಹಾಗಾಗಿ ಗಂಜಿಗೆ ಉಪ್ಪು ಎಂದಿನಂತೆ ಹಾಕಿಕೊಳ್ಳಿ. ಭತ್ತ ಕುದಿಸಿ ಒಣಗಿಸಿ ಕುಚ್ಚಲಕ್ಕಿ ಮಾಡಿಸಿದರೆ ಕಾಳು ಗಟ್ಟಿಯಾಗಿ ನಿಲ್ಲುತ್ತದೆ, ಮಿಲ್ಲಿನಲ್ಲಿ ನುಚ್ಚು ಕಡಿಮೆ. ಪಾಲಿಶ್ ಮಾಡಿಸಬೇಡಿ, ಕೆಂಪು ತೌಡಿನಲ್ಲೇ ರುಚಿ ಇರುವುದು. ಆ ತೌಡಿನ ಎಣ್ಣೆಯಿಂದಲೇ ಅಕ್ಕಿ ಬೇಗ ಕಮಟಾಗುತ್ತದೆ, ಆದ್ದರಿಂದ ಭತ್ತವಾಗಿಯೇ ಇಟ್ಟುಕೊಂಡು ತಿಂಗಳಿಗೆ ಬೇಕಾದಷ್ಟೇ ಗಿರಣಿಗೆ ಹಾಕಿಸಿ. ಹಿಂದಿನ ರಾತ್ರಿಯೇ ನೆನೆಸಿ, ಧಾರಾಳ ನೀರಿನಲ್ಲಿ ಸಣ್ಣ ಉರಿಯ ಮೇಲೆ ಬೇಯಿಸಿ. ಕಾಳು ಬಿರಿದಾಗ ಇಳಿಸಿ, ಬೇಕಿದ್ದರೆ ತಿಳಿ ಬಸಿದುಕೊಳ್ಳಿ. ಬಿಸಿ ಗಂಜಿಗೆ ಮಾವಿನ ಮಿಡಿಯ ಉಪ್ಪಿನಕಾಯಿ, ಮೀನು ತಿನ್ನುವವರಿಗೆ ಒಣಸಿಗಡಿ ಚಟ್ನಿ ಅಥವಾ ಅದೇ ಅಳಿವೆಯ ಬಳಚಿನ (ಚಿಪ್ಪುಮೀನಿನ) ಸುಕ್ಕ. ಉಳಿದ ಅನ್ನಕ್ಕೆ ನೀರು ಹಾಕಿಟ್ಟರೆ ಮರುದಿನ ಮಜ್ಜಿಗೆ, ಹಸಿಮೆಣಸಿನ ಜೊತೆ ಬೆಳಗಿನ ಊಟ.

11. ಚೀಲದ ಮೇಲೆ ಊರಿನ ಹೆಸರಿರಲಿ

ಸಾದಾ ಕೆಂಪಕ್ಕಿಯ ರಾಶಿಗೆ ಕಗ್ಗವನ್ನು ಸೇರಿಸಿ ಮಾರಿದರೆ ಸಾದಾ ದರವೇ ಸಿಗುತ್ತದೆ. ಪೊಕ್ಕಾಳಿ ಅಕ್ಕಿಗೆ 2008ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕ ಮೇಲೆ ಅದು ಹೆಸರು ಹೇಳಿಕೊಂಡೇ ಮಾರಾಟವಾಗುತ್ತದೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ. ಆ ಸಂಗತಿಯನ್ನೂ ಗಜನಿಯ ಹೆಸರನ್ನೂ ಕೊಯ್ಲಿನ ತಿಂಗಳನ್ನೂ ಲೇಬಲ್ಲಿನಲ್ಲಿ ಹಾಕಿ. ಆಹಾರ ಸುರಕ್ಷತಾ ನೋಂದಣಿ ಸಂಖ್ಯೆಯೂ ಇರಲಿ. ಒಂದು, ಎರಡು ಕಿಲೋದ ಚೀಲಗಳಲ್ಲಿ ಕೊಡಿ, ಹಿಂದೆ ಬೇಯಿಸುವ ಕ್ರಮ ಅಚ್ಚು ಹಾಕಿಸಿ. ಕುಕ್ಕರಿನಲ್ಲಿ ಎರಡು ಸೀಟಿಗೆ ಬೆಂದೀತೆಂದುಕೊಂಡ ಬೆಂಗಳೂರಿನ ಗಿರಾಕಿ ಎರಡನೇ ಸಲ ಬರುವುದಿಲ್ಲ. ರೋಗ ವಾಸಿಯಾಗುತ್ತದೆ ಎಂದೆಲ್ಲ ಬರೆಯಬೇಡಿ. ಔಷಧವೆಂದು ಹೊಗಳಿ ಮಾರಿದ ಅಕ್ಕಿಯ ಮೇಲಿನ ನಂಬಿಕೆ ಒಂದೇ ವರ್ಷಕ್ಕೆ ಹೋಗುತ್ತದೆ.

ಒಂದು ಎಚ್ಚರಿಕೆ ಉಳಿದಿದೆ. ಸಿಹಿನೀರಿನ ಒಳ್ಳೆಯ ಗದ್ದೆಯಲ್ಲಿ ಕಗ್ಗ ಬಿತ್ತಿ ಲಾಭ ಎಣಿಸಬೇಡಿ. ಅಲ್ಲಿ ಬೇರೆ ತಳಿಗಳು ಇದಕ್ಕಿಂತ ಹೆಚ್ಚು ಕೊಡುತ್ತವೆ. ಬೇರೆ ಯಾವ ಭತ್ತವೂ ನಿಲ್ಲದ ಕಡೆ ನಿಲ್ಲುವುದೇ ಕಗ್ಗದ ಬೆಲೆ. ಹೊಸದಾಗಿ ಶುರು ಮಾಡುವವರು ಮೊದಲ ವರ್ಷ ಇಡೀ ಗಜನಿಗೆ ಕೈ ಹಾಕದೆ, ಕಟ್ಟೆ ಮತ್ತು ಬಾಗಿಲು ಸರಿಪಡಿಸಿ, ಒಂದು ತುಂಡಿನಲ್ಲಿ ಬೀಜಕ್ಕಾಗುವಷ್ಟು ಮಾತ್ರ ಬೆಳೆಯಲಿ. ಬರುವ ಅಮಾವಾಸ್ಯೆಯ ಉಬ್ಬರಕ್ಕೆ ಅಕ್ಕಪಕ್ಕದ ಗದ್ದೆಯವರನ್ನೆಲ್ಲ ಕಟ್ಟೆಯ ಮೇಲೆ ಕರೆಯಿರಿ. ಎಲ್ಲಿ ಸೋರುತ್ತದೆ, ಯಾರು ಕಟ್ಟುತ್ತಾರೆ, ಖರ್ಚು ಹೇಗೆ ಹಂಚುವುದು ಎಂಬುದು ಅಲ್ಲೇ ತೀರ್ಮಾನವಾದರೆ ಉಳಿದ ಸೂತ್ರಗಳಿಗೆ ಅರ್ಥ ಬರುತ್ತದೆ. ಕರೆದರೂ ಯಾರೂ ಬರಲಿಲ್ಲವೆಂದರೆ ಆ ವರ್ಷ ಬೀಜಕ್ಕೆ ದುಡ್ಡು ಹಾಕಬೇಡಿ.