ಕಾಫಿಯೂ ದೊಡ್ಡ ಕರುಳಿನ ಕ್ಯಾನ್ಸರೂ

ಬೆಳಗಿನ ಕಾಫಿ ಹೊಟ್ಟೆಗೆ ಇಳಿದೊಡನೆ ಹಲವರಿಗೆ ಶೌಚಕ್ಕೆ ಹೋಗಬೇಕೆನಿಸುವುದುಂಟು. ಇದು ಬರಿಯ ಭ್ರಮೆಯಲ್ಲ. 1990ರಲ್ಲಿ ಇಂಗ್ಲೆಂಡಿನ ವೈದ್ಯರು ಆರೋಗ್ಯವಂತರ ಕರುಳಿನ ಒತ್ತಡವನ್ನು ಅಳೆದು ನೋಡಿದರು. ಇಂಥ ಅನುಭವವುಳ್ಳವರಲ್ಲಿ ಕಾಫಿ ಕುಡಿದ ನಾಲ್ಕೇ ನಿಮಿಷಗಳಲ್ಲಿ ದೊಡ್ಡ ಕರುಳಿನ ಕೊನೆಯ ಭಾಗದ ಚಲನೆ ಹೆಚ್ಚಿತು. ಬಿಸಿನೀರಿನಿಂದ ಹಾಗಾಗಲಿಲ್ಲ, ಕೆಫೀನನ್ನು ತೆಗೆದ ಕಾಫಿಯಿಂದಲೂ ಆಯಿತು! ಕರುಳಿನ ಮೇಲೆ ಇಷ್ಟು ಬೇಗ ಪ್ರಭಾವ ಬೀರುವ ಪಾನೀಯಕ್ಕೂ ಆ ಕರುಳಿನ ಕ್ಯಾನ್ಸರಿಗೂ, ಎಂದರೆ ಏಡಿಗಂತಿಗೂ, ಏನಾದರೂ ಸಂಬಂಧವಿದ್ದೀತೆ?

2016ರಲ್ಲಿ ಉತ್ತರ ಇಸ್ರೇಲಿನಿಂದ ಒಂದು ಉತ್ತರ ಬಂದಿತು. ಅಲ್ಲಿ ಈ ರೋಗವಿದ್ದ 5,145 ಮಂದಿಯನ್ನೂ ಇಲ್ಲದ 4,097 ಮಂದಿಯನ್ನೂ ಅವರವರ ಕಾಫಿಯ ಅಭ್ಯಾಸದ ಬಗೆಗೆ ಪ್ರಶ್ನಿಸಿದ್ದರು. ಕಾಫಿ ಕುಡಿಯುವವರಲ್ಲಿ ರೋಗದ ಸಂಭವ ಶೇಕಡಾ 26ರಷ್ಟು ಕಡಮೆಯೆಂದು ಲೆಕ್ಕ ತೋರಿಸಿತು. ಹೆಚ್ಚು ಕುಡಿಯುವವರಲ್ಲಿ ಇಳಿಕೆಯೂ ಹೆಚ್ಚು.

ಮೊದಲು ಈ ಶೇಕಡಾವಾರಿನ ಅರ್ಥವನ್ನು ತಿಳಿಯೋಣ. ನೂರು ಜನರಲ್ಲಿ 26 ಜನ ಉಳಿದರೆಂದು ಇದರ ಅರ್ಥವಲ್ಲ. ಕಾಫಿ ಕುಡಿಯದ ನೂರು ಜನರಲ್ಲಿ ನಾಲ್ವರಿಗೆ ರೋಗ ಬರುತ್ತದೆಂದು ಇಟ್ಟುಕೊಳ್ಳಿ. ಕುಡಿಯುವ ನೂರು ಜನರಲ್ಲಿ ಸುಮಾರು ಮೂವರಿಗೆ ಬಂದೀತು, ಅಷ್ಟೆ. ವೃತ್ತಪತ್ರಿಕೆಯ ತಲೆಬರಹವು ಈ ಲೆಕ್ಕವನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಇನ್ನು, ಪ್ರಶ್ನೆಯನ್ನು ಕೇಳಿದುದು ಯಾವಾಗ? ರೋಗ ಬಂದ ಮೇಲೆ. ಇಲ್ಲಿಯೇ ತೊಡಕಿರುವುದು. ಕರುಳಿನಲ್ಲಿ ಗಂತಿ ಬೆಳೆಯುತ್ತಿರುವವನಿಗೆ ರೋಗ ಪತ್ತೆಯಾಗುವ ಮೊದಲೇ ಹೊಟ್ಟೆಯ ಉಪದ್ರವ ಕಾಣಿಸಿಕೊಂಡು, ಅವನು ತಾನಾಗಿಯೇ ಕಾಫಿಯನ್ನು ಬಿಟ್ಟಿರಬಹುದು. ಆಗ ಕಾಫಿ ಬಿಟ್ಟುದರಿಂದ ರೋಗ ಬಂದಂತೆ ಕಾಣುತ್ತದೆ. ನಿಜವಾಗಿ ರೋಗದಿಂದಲೇ ಕಾಫಿ ಬಿಟ್ಟುಹೋಗಿರುತ್ತದೆ.

ಇಂಥ ಬಲೆಗೆ ದೊಡ್ಡವರೂ ಸಿಕ್ಕಿಬಿದ್ದಿದ್ದಾರೆ. 1981ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಬ್ರಯನ್ ಮೆಕ್‌ಮಹನ್ ಮತ್ತು ಅವರ ಸಂಗಡಿಗರು, ಕಾಫಿಗೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೂ ನಂಟಿದೆಯೆಂದು ಪ್ರಕಟಿಸಿದಾಗ ಲೋಕವೇ ಬೆಚ್ಚಿತು. ಆದರೆ ಹೋಲಿಕೆಗೆ ಅವರು ಆರಿಸಿಕೊಂಡವರಲ್ಲಿ ಅನೇಕರು ಜಠರ, ಕರುಳುಗಳ ವ್ಯಾಧಿಯಿಂದ ಅದೇ ವೈದ್ಯರ ಬಳಿಗೆ ಬಂದವರು. ಕಾಫಿಯನ್ನು ಆಗಲೇ ಕಡಮೆ ಮಾಡಿದ್ದಿರಬಹುದಾದವರು! ಅವರ ಪಕ್ಕದಲ್ಲಿ ನಿಲ್ಲಿಸಿದರೆ ಯಾರಾದರೂ ಕಾಫಿಪ್ರಿಯರಂತೆಯೇ ಕಾಣುವರು. 1986ರಲ್ಲಿ ಅದೇ ತಂಡವು ಮತ್ತೆ ಪರೀಕ್ಷಿಸಿದಾಗ ಆ ನಂಟು ಮೊದಲಿನಂತೆ ಕಾಣಲಿಲ್ಲ. ತಮ್ಮ ಫಲಿತಾಂಶವನ್ನು ತಾವೇ ಒರೆಗೆ ಹಚ್ಚಿದ ಅವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು.

ಈ ತೊಡಕನ್ನು ತಪ್ಪಿಸಲು ಬೇರೊಂದು ದಾರಿಯಿದೆ. ಆರೋಗ್ಯವಾಗಿರುವಾಗಲೇ ಜನರ ಅಭ್ಯಾಸಗಳನ್ನು ಬರೆದುಕೊಂಡು, ವರ್ಷಗಟ್ಟಲೆ ಕಾದು, ಯಾರಿಗೆ ರೋಗ ಬಂದಿತೆಂದು ನೋಡುವುದು. ಇದಕ್ಕೆ ಹಣವೂ ತಾಳ್ಮೆಯೂ ಬೇಕು. ಅಂಥ 13 ಅಧ್ಯಯನಗಳನ್ನು, ಏಳು ಲಕ್ಷಕ್ಕೂ ಹೆಚ್ಚು ಜನರ ವಿವರಗಳನ್ನು, ಒಟ್ಟುಗೂಡಿಸಿ 2010ರಲ್ಲಿ ಲೆಕ್ಕ ಹಾಕಿದರು. ಕಾಫಿಗೂ ದೊಡ್ಡ ಕರುಳಿನ ಕ್ಯಾನ್ಸರಿಗೂ ಸಂಬಂಧವೇ ಕಾಣಲಿಲ್ಲ. 2012ರಲ್ಲಿ ಸುಮಾರು ಐದು ಲಕ್ಷ ಅಮೆರಿಕನ್ನರ ಅಧ್ಯಯನದಲ್ಲಿ ಮಾತ್ರ, ದಿನಕ್ಕೆ ನಾಲ್ಕು ಬಟ್ಟಲಿಗೂ ಹೆಚ್ಚು ಕುಡಿಯುವವರಲ್ಲಿ ತುಸು ಇಳಿಕೆ ಕಂಡಿತು. ಕಾಫಿ ಈ ರೋಗವನ್ನು ತರುತ್ತದೆಂಬುದಕ್ಕೆ ಆಧಾರವಿಲ್ಲ. ತಡೆಯುತ್ತದೆಂಬುದು ಇನ್ನೂ ಸಿದ್ಧವಾಗಿಲ್ಲ. ನಮಗೆ ತೋರುವುದು ಇಷ್ಟು. ಅಲ್ಲದೆ, ನಮ್ಮ ಮನೆಗಳ ಲೋಟದಲ್ಲಿ ಹಾಲು, ಸಕ್ಕರೆ, ಎಷ್ಟೋ ವೇಳೆ ಚಿಕೋರಿಯೂ ಇರುವುದರಿಂದ, ಅನ್ಯದೇಶದ ಬಟ್ಟಲಿನ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತರಲಾಗದು.

ಈ ಚರ್ಚೆ ಪಂಡಿತರಿಗಷ್ಟೇ ಸೇರಿದುದಲ್ಲ. ಮಲದಲ್ಲಿ ರಕ್ತ ಕಂಡರೂ, "ನಾನು ದಿನಕ್ಕೆ ಮೂರು ಸಲ ಕಾಫಿ ಕುಡಿಯುವವನು, ನನಗೇನು ಭಯ?" ಎಂದು ಸುಮ್ಮನಿರುವ ಹಿರಿಯರು ನಮ್ಮ ಮನೆಗಳಲ್ಲಿಯೇ ಇರಬಹುದು. ಈ ಕ್ಯಾನ್ಸರು ಬಹುಮಟ್ಟಿಗೆ ಕರುಳಿನ ಒಳಪೊರೆಯಲ್ಲಿ ಏಳುವ, ಪಾಲಿಪ್ ಎಂಬ ಸಣ್ಣ ಗಂಟಿನಿಂದ ಮೊದಲಾಗಿ, ಅನೇಕ ವರ್ಷಗಳ ಕಾಲ ನಿಧಾನವಾಗಿ ಬೆಳೆಯುತ್ತದೆ. ಕರುಳಿನೊಳಕ್ಕೆ ದುರ್ಬೀನಿನ ನಾಳವನ್ನು ಇಳಿಸಿ ನೋಡುವ ವೈದ್ಯನು, ಗಂಟು ಕಂಡರೆ, ಸಾಮಾನ್ಯವಾಗಿ ಅದೇ ನಾಳದ ಮೂಲಕ ಅದನ್ನು ಆಗಲೇ ಕತ್ತರಿಸಿ ತೆಗೆಯಬಲ್ಲನು.