ತೂಕದ ದಿನ ಅಂಗನವಾಡಿಯಲ್ಲಿ ಕುಳಿತು ನೋಡಿ

ಪ್ರಶ್ನೆ: ನಾನು ಎಂಟು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಯಾವ ಜಾಹೀರಾತು ಯಾರ ಮೊಬೈಲಿನಲ್ಲಿ ಯಾವಾಗ ಮೂಡಬೇಕೆಂದು ಲೆಕ್ಕ ಹಾಕುವ ವ್ಯವಸ್ಥೆಯಲ್ಲಿ ನನ್ನ ಕೆಲಸ. ಸಂಬಳ ಚೆನ್ನಾಗಿದೆ, ಜೊತೆಯವರೂ ಒಳ್ಳೆಯವರು. ಆದರೆ ಇದರಿಂದ ಯಾರಿಗೆ ಏನಾಯಿತು ಎಂದು ಕೇಳಿಕೊಂಡರೆ ಉತ್ತರ ಹೊಳೆಯುವುದಿಲ್ಲ. ನನ್ನ ತಾಯಿ ಸಿದ್ದಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆ. ಆ್ಯಪ್ ಕೈಕೊಟ್ಟಾಗಲೆಲ್ಲ ನನಗೆ ಫೋನ್ ಮಾಡುತ್ತಾರೆ. ಅವರ ಕೆಲಸದ ಮುಂದೆ ನನ್ನದು ಪೊಳ್ಳು ಅನಿಸುತ್ತದೆ. ಇದನ್ನು ಬಿಟ್ಟು ಯಾವುದಾದರೂ ಸೇವಾ ಸಂಸ್ಥೆ ಸೇರಲೇ? ಕಲಿತ ವಿದ್ಯೆಯಿಂದಲೇ ನಾಲ್ಕು ಜನಕ್ಕೆ ಒಳ್ಳೆಯದಾಗುವ ಕೆಲಸ ಹುಡುಕುವುದು ಹೇಗೆ?

— ಹೆಸರು ಬೇಡವೆಂದ ಓದುಗರು, ಬೆಂಗಳೂರು

ಉತ್ತರ: ನೀವು ಕೇಳಿದ್ದು ಯಾವ ಸಂಸ್ಥೆ ಸೇರಲಿ ಎಂದು. ನನ್ನ ಕಣ್ಣು ನಿಂತದ್ದು ಅಮ್ಮನ ಫೋನಿನ ಮೇಲೆ. ಆ ಫೋನ್ ಬಂದಾಗ ನೀವು ‘ಒಂದ್ಸಲ ಆಫ್ ಮಾಡಿ ಆನ್ ಮಾಡಮ್ಮ’ ಎನ್ನುತ್ತಿರಬಹುದು. ಆಗ ಕೇಂದ್ರದಲ್ಲಿ ಎಷ್ಟು ಮಕ್ಕಳಿದ್ದರು, ನೆಟ್‌ವರ್ಕ್ ಹುಡುಕುತ್ತ ಅಮ್ಮ ಎಲ್ಲಿಯವರೆಗೆ ನಡೆದು ಬಂದರು, ಯಾವ ಕಾಲಂ ತುಂಬುವಾಗ ಆ್ಯಪ್ ಮುಂದಕ್ಕೆ ಹೋಗಲಿಲ್ಲ ಎಂದು ಎಂದಾದರೂ ಕೇಳಿದ್ದೀರಾ?

ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಬ್ಲಾಕ್‌ಗಳಲ್ಲಿ. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅಂದಿನಿಂದ ಅದರ ಜೀವಾಳ ಒಂದು ಸಣ್ಣ ಕೆಲಸ: ಮಗುವನ್ನು ತೂಗಿ ಬೆಳವಣಿಗೆಯ ನಕ್ಷೆಯಲ್ಲಿ ಚುಕ್ಕೆ ಇಡುವುದು. ಹೋದ ತಿಂಗಳ ಚುಕ್ಕೆಗಿಂತ ಈ ತಿಂಗಳದ್ದು ಕೆಳಗಿಳಿದಿದ್ದರೆ ಆ ಮನೆಗೆ ಹೋಗಿ ತಾಯಿಯೊಡನೆ ಮಾತಾಡಬೇಕು. ಈಗ ಆ ಚುಕ್ಕೆ ಮೊಬೈಲಿಗೆ ಬಂದಿದೆ. ಮೊಬೈಲ್ ಸತಾಯಿಸಿದ ದಿನ ಕಾರ್ಯಕರ್ತೆ ಪುಸ್ತಕದಲ್ಲೊಮ್ಮೆ ಬರೆದು, ಸಂಜೆ ಮನೆಯಲ್ಲಿ ಕುಳಿತು ಅದನ್ನೇ ಮತ್ತೆ ತುಂಬುತ್ತಾಳೆ. ಮನೆಗೆ ಹೋಗಿ ಮಾತಾಡಬೇಕಿದ್ದ ಹೊತ್ತು ಅಲ್ಲಿ ಸೋರಿಹೋಗುತ್ತದೆ. ನಿಮ್ಮ ಕಸುಬಿಗೆ ಕೆಲಸವಿರುವುದು ಅಲ್ಲಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಬರವಣಿಗೆಗೆ ಬರುವ ಮೊದಲು ನಾನೂ ಇದೇ ಕಸುಬಿನಲ್ಲಿದ್ದವಳು. ಒಮ್ಮೆ ತಾಲ್ಲೂಕು ಮಟ್ಟದ ಆಸ್ಪತ್ರೆಯೊಂದಕ್ಕೆ ಚೀಟಿ ಮಾಡಿಸುವ ಕೌಂಟರಿನ ಸಾಫ್ಟ್‌ವೇರ್ ಮಾಡಿದ್ದೆವು. ರೋಗಿಯ ಬಗ್ಗೆ 14 ವಿವರ ತುಂಬಿದರೆ ಚೀಟಿ ಬರುತ್ತಿತ್ತು. ಆರು ತಿಂಗಳ ನಂತರ ಒಂದು ಸೋಮವಾರ ನಾನು ಅಲ್ಲಿಗೆ ಹೋದಾಗ ಕಂಪ್ಯೂಟರಿನ ಮುಂದೆ ಗೆರೆ ಹಾಕಿದ ನೋಟ್‌ಬುಕ್ ಇತ್ತು. ಗುಮಾಸ್ತೆ ಅದರಲ್ಲಿ ಹೆಸರು, ಊರು ಬರೆದುಕೊಂಡು ಕೈಬರಹದ ಚೀಟಿ ಕೊಡುತ್ತಿದ್ದರು. ಟೈಪ್ ಮಾಡುವುದು ಮಧ್ಯಾಹ್ನ ಜನ ಕರಗಿದ ಮೇಲೆ. ಯಾಕೆಂದು ಕೇಳಿದೆ. ‘ಮೇಡಂ, ಹೊರಗೆ ಇನ್ನೂರು ಜನ ಇದಾರೆ. ಇದರಲ್ಲಿ ಒಬ್ಬೊಬ್ಬರಿಗೆ ಮೂರು ನಿಮಿಷ ಹಿಡಿಯುತ್ತೆ’ ಎಂದರು. ಹತ್ತು ಗಂಟೆಯ ಕೆಲಸ! ಈ ಗುಣಾಕಾರ ನಮ್ಮಲ್ಲಿ ಯಾರೂ ಮಾಡಿರಲಿಲ್ಲ. ವಾಪಸು ಬಂದು ಹೆಸರು, ವಯಸ್ಸು, ಊರು, ಮೊಬೈಲ್ ನಂಬರ್ ಇಷ್ಟನ್ನೇ ಉಳಿಸಿ ಮಿಕ್ಕದ್ದನ್ನು ಒಳಗಿನ ಹಂತಕ್ಕೆ ಸರಿಸಿದೆವು. ಎರಡು ದಿನದ ಕೆಲಸ. ಕೌಂಟರಿನ ನೋಟ್‌ಬುಕ್ ಹೋಯಿತು. ಅಷ್ಟು ಉಪಯೋಗಕ್ಕೆ ಬಂದ ಕೋಡ್ ನಾನು ಆಮೇಲೆ ಬರೆದಿಲ್ಲ.

ಅರ್ಜಿಯ ಕಾಲಂ ಪಕ್ಕದಲ್ಲಿ ನಾವು ಇಡುವ ಕೆಂಪು ನಕ್ಷತ್ರವಿದೆಯಲ್ಲ, ‘ಇದು ಕಡ್ಡಾಯ’ ಎಂದು ಹೇಳುವುದು, ಅದರ ಬಗ್ಗೆ ಯೋಚಿಸಿ. ‘ಲಾಸ್ಟ್ ನೇಮ್’ ಕಡ್ಡಾಯ ಎಂದು ಯಾರೋ ನಿರ್ಧರಿಸುತ್ತಾರೆ. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ. ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಅಷ್ಟೇ. ಕಂಪ್ಯೂಟರಿನ ಮುಂದಿದ್ದವರು ಆ ಜಾಗದಲ್ಲಿ ಒಂದು ಕಡೆ ಚುಕ್ಕೆ ಇಡುತ್ತಾರೆ, ಇನ್ನೊಂದು ಕಡೆ ಗಂಡನ ಹೆಸರು ಸೇರಿಸುತ್ತಾರೆ. ಹೀಗೆ ಆಧಾರ್ ಕಾರ್ಡಿನಲ್ಲಿ ಲಕ್ಷ್ಮಮ್ಮ ಆದವರು ಪಾಸ್‌ಬುಕ್ಕಿನಲ್ಲಿ ಲಕ್ಷ್ಮವ್ವ, ಪಹಣಿಯಲ್ಲಿ ಲಕ್ಷ್ಮೀ ಕೋಂ ಸಿದ್ದಪ್ಪ ಆಗುತ್ತಾರೆ. ಇಂಗ್ಲಿಷ್ ಅಕ್ಷರಕ್ಕೆ ಹೋದರಂತೂ ‘ಕ್ಷ’ ಒಂದಕ್ಕೇ ಮೂರು ಬಗೆಯ ಸ್ಪೆಲಿಂಗ್. ಊರಿಗೆಲ್ಲ ಗೊತ್ತಿರುವ ಒಬ್ಬ ಹೆಂಗಸು ಯಂತ್ರದ ಪಾಲಿಗೆ ಮೂವರು. ಖಾತೆಗೆ ಬರಬೇಕಿದ್ದ ಹಣ ಬರುವುದಿಲ್ಲ. ‘ಹೆಸರು ಮ್ಯಾಚ್ ಆಗ್ತಿಲ್ಲ’ ಎಂಬ ಮಾತು ಕೇಳಿಸಿಕೊಂಡು, ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಅವರು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ.

ನಿಮ್ಮ ಕೆಲಸವನ್ನು ಪೊಳ್ಳು ಅಂದಿರಿ. ನಿಮ್ಮ ಉದ್ಯಮದಲ್ಲಿ ದಿನವೂ ನಡೆಯುವುದೇನು? ಈ ಮೊಬೈಲ್ ಹಿಡಿದವರೂ ಆ ಲ್ಯಾಪ್‌ಟಾಪಿನ ಮುಂದಿರುವವರೂ ಒಬ್ಬರೇ ಎಂದು ಪತ್ತೆ ಹಚ್ಚುವುದು. ಲಕ್ಷ್ಮಮ್ಮನ ವಿಷಯದಲ್ಲಿ ಬೇಕಾಗಿರುವುದೂ ಅದೇ ಜಾಣ್ಮೆ. ಕನ್ನಡದ ಹೆಸರುಗಳು ಹೇಗೆ ಉಚ್ಚಾರವಾಗುತ್ತವೆ, ಅವ್ವ ಎಲ್ಲಿ ಅಮ್ಮ ಆಗುತ್ತದೆ ಎಂಬ ತಿಳಿವನ್ನು ಅದಕ್ಕೆ ಸೇರಿಸಿ, ‘ಇವರು ಬಹುಶಃ ಒಬ್ಬರೇ, ಒಮ್ಮೆ ನೋಡಿ’ ಎಂದು ಕಚೇರಿಯವರ ಮುಂದಿಡುವ ಸಾಧನ. ಕೊನೆಯ ತೀರ್ಮಾನ ಮನುಷ್ಯರ ಕೈಯಲ್ಲೇ ಇರಲಿ. ಜಾಹೀರಾತು ತಪ್ಪಾದರೆ ಯಾರಿಗೂ ನಷ್ಟವಿಲ್ಲ, ಇಲ್ಲಿ ತಪ್ಪಾದರೆ ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಹೋಗುತ್ತದೆ.

ಉಪಯೋಗಕ್ಕೆ ಬಂದ ಸಾಫ್ಟ್‌ವೇರ್‌ಗಳ ಹುಟ್ಟನ್ನು ನೋಡಿದರೆ ಮಾಡಿದವರು ಕಷ್ಟದ ಹತ್ತಿರವೇ ಇದ್ದದ್ದು ಕಾಣುತ್ತದೆ. ದೃಷ್ಟಿಯಿಲ್ಲದವರಿಗೆ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾಯಿತು. ಶುರು ಮಾಡಿದ ಮೈಕೆಲ್ ಕರನ್ ಅವರಿಗೂ ಅವರ ಜೊತೆ ಸೇರಿದ ಜೇಮ್ಸ್ ಟೆ ಅವರಿಗೂ ಕಣ್ಣು ಕಾಣುವುದಿಲ್ಲ. ಆಗ ಅಂಥ ಸಾಫ್ಟ್‌ವೇರ್‌ಗಳ ಬೆಲೆ ಕಂಪ್ಯೂಟರಿನ ಬೆಲೆಯನ್ನೂ ಮೀರುತ್ತಿತ್ತು. ಇವರು ಉಚಿತವಾಗಿ ಕೊಟ್ಟರು. ಇಂದು ಅದು ಕನ್ನಡವನ್ನೂ ಓದುತ್ತದೆ. ಕಣ್ಣಿಲ್ಲದ ಕನ್ನಡದ ವಿದ್ಯಾರ್ಥಿ ಬೇರೆಯವರನ್ನು ಕಾಯದೆ ತಾನೇ ಪಾಠ ಕೇಳಿಸಿಕೊಳ್ಳಬಹುದು.

ಇನ್ನೊಂದು ಛತ್ತೀಸಗಢದ್ದು. ಬಿಲಾಸಪುರದ ಹತ್ತಿರ ಗನಿಯಾರಿ ಎಂಬ ಹಳ್ಳಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗ ಎಂಬ ಆಸ್ಪತ್ರೆಯಿದೆ. ದೆಹಲಿಯ ಏಮ್ಸ್‌ನಲ್ಲಿ ಓದಿದ ವೈದ್ಯರು ಕಾಡಂಚಿನ ಬಡವರಿಗಾಗಿ ಕಟ್ಟಿದ್ದು. ಥಾಟ್‌ವರ್ಕ್ಸ್ ಕಂಪನಿಯ ಎಂಜಿನಿಯರುಗಳು ಈ ಆಸ್ಪತ್ರೆಯ ಅಗತ್ಯ ನೋಡಿಕೊಂಡು ಬಹ್ಮ್‌ನಿ ಎಂಬ ವ್ಯವಸ್ಥೆ ರೂಪಿಸಿದರು. ಎಲ್ಲವನ್ನೂ ಮೊದಲಿನಿಂದ ಬರೆಯಲಿಲ್ಲ. ಕೀನ್ಯಾದ ಎಚ್‌ಐವಿ ರೋಗಿಗಳ ದಾಖಲೆಗೆಂದು 2004ರ ಸುಮಾರಿಗೆ ಮೊಳೆತ ಓಪನ್‌ಎಂಆರ್‌ಎಸ್ ಎಂಬ ಮುಕ್ತ ತಂತ್ರಾಂಶವನ್ನು ಅಡಿಪಾಯ ಮಾಡಿಕೊಂಡು, ಪ್ರಯೋಗಾಲಯದ ಲೆಕ್ಕ, ಬಿಲ್ಲಿನ ಲೆಕ್ಕ ಮಾಡುವ ಬೇರೆ ಮುಕ್ತ ತಂತ್ರಾಂಶಗಳನ್ನು ಹೆಣೆದರು. ಈಗ ಅದು ನೇಪಾಳದಲ್ಲೂ ಆಫ್ರಿಕಾದಲ್ಲೂ ಇದೆ. ಆ ಎಂಜಿನಿಯರುಗಳಿಗೆ ಸಂಬಳ ಕೊಟ್ಟದ್ದು ಸಾಮಾನ್ಯ ಕಂಪನಿಯೇ, ಗಮನಿಸಿ.

ಹತ್ತಿರ ಹೋದರೆ ಸಾಲದು, ಉಳಿಯಬೇಕು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕಂಪ್ಯೂಟರಿನಲ್ಲಿ ಮೊದಲ ಕನ್ನಡ ಪತ್ರ ಬರೆದದ್ದು ಅದರಲ್ಲೇ ಎನ್ನುವವರು ನನ್ನ ಪರಿಚಯದಲ್ಲೇ ಎಷ್ಟೋ ಮಂದಿ. ಅದು ಉಪಕಾರವಾದದ್ದು ಬಿಡುಗಡೆಯಾದದ್ದರಿಂದಷ್ಟೇ ಅಲ್ಲ, ವಿಂಡೋಸ್ ಬದಲಾದಂತೆ, ಯೂನಿಕೋಡ್ ಬಂದಂತೆ ಅದನ್ನು ವರ್ಷಗಟ್ಟಲೆ ತಿದ್ದುತ್ತ ಬಂದದ್ದರಿಂದ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದ ಮೇಲೆ ಇವತ್ತಿಗೂ ಎಷ್ಟು ಬೆರಳುಗಳು ಓಡಾಡುತ್ತಿವೆ! ಅವರ ಹೆಸರು ಗೊತ್ತಿಲ್ಲದವರೂ ದಿನವೂ ಅದನ್ನು ಬಳಸುತ್ತಾರೆ.

2004ರ ಡಿಸೆಂಬರಿನ ಸುನಾಮಿ ಬಡಿದ ಕೆಲವೇ ದಿನಗಳಲ್ಲಿ ಶ್ರೀಲಂಕಾದ ಎಂಜಿನಿಯರುಗಳು ಕಳೆದುಹೋದವರ ಪಟ್ಟಿ, ಶಿಬಿರಗಳ ವಿವರ, ಪರಿಹಾರ ಸಾಮಗ್ರಿಯ ಲೆಕ್ಕ ಹಿಡಿಯಲು ‘ಸಹನ’ ಎಂಬ ವ್ಯವಸ್ಥೆ ಕಟ್ಟಿದರು. ಸಿಂಹಳದಲ್ಲಿ ಆ ಮಾತಿಗೆ ಪರಿಹಾರ, ನೆಮ್ಮದಿ ಎಂಬರ್ಥ. ನಮ್ಮ ಕಿವಿಗೆ ತಾಳ್ಮೆ ಎಂದು ಕೇಳಿಸುತ್ತದೆ, ಅದೂ ಸರಿಯೇ. ಯಾಕೆಂದರೆ ನೀರಿಳಿದ ಮೇಲೆ ಅವರು ಅದನ್ನು ಬಿಟ್ಟುಬಿಡಲಿಲ್ಲ. ಮುಂದೆ ಬೇರೆ ದೇಶಗಳ ವಿಪತ್ತುಗಳಲ್ಲೂ ಅದು ಕೆಲಸಕ್ಕೆ ಬಂತು. ಇದಕ್ಕೆ ಎದುರಾಗಿ, ಶನಿವಾರ ಬೆಳಿಗ್ಗೆ ಶುರುವಾಗಿ ಭಾನುವಾರ ಸಂಜೆ ಬಹುಮಾನ ಹಂಚಿ ಮುಗಿಯುವ ಹ್ಯಾಕಥಾನ್‌ಗಳಲ್ಲಿ ಹುಟ್ಟಿದ ‘ರೈತರ ಆ್ಯಪ್’ಗಳನ್ನು ನಾನು ಬಹಳ ಕಂಡಿದ್ದೇನೆ. ಮುಂದಿನ ಮುಂಗಾರಿನ ಹೊತ್ತಿಗೆ ಅವುಗಳಲ್ಲಿ ಒಂದೂ ತೆರೆದುಕೊಳ್ಳುತ್ತಿರಲಿಲ್ಲ. ನಂಬಿ ಇಳಿಸಿಕೊಂಡ ರೈತ ಇನ್ನೊಂದನ್ನು ನಂಬುವುದಿಲ್ಲ. ಅದು ನನಗೆ ನಿಜವಾಗಿ ನೋವು ಕೊಡುವ ವಿಷಯ.

ಒಂದು ಎಚ್ಚರಿಕೆ. ‘ಜನರಿಗೆ ಉಪಯೋಗ’ ಎಂದಾಗ ಯಾವ ಜನರಿಗೆ ಎಂದೂ ಕೇಳಬೇಕು. ನಮ್ಮದೇ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಿತು. ಗ್ರಾಮಲೆಕ್ಕಿಗರ ದಾರಿ ಕಾಯುತ್ತಿದ್ದ ರೈತ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಪಡೆದದ್ದು ದೊಡ್ಡ ಬದಲಾವಣೆ, ಅದನ್ನು ಮಾಡಿದವರಿಗೆ ನಾನು ಕೈಮುಗಿಯುತ್ತೇನೆ. ಆದರೆ 2007ರ ಹೊತ್ತಿಗೆ ಕೆಲವು ಸಂಶೋಧಕರು ಬೆಂಗಳೂರಿನ ಸುತ್ತಮುತ್ತ ನೋಡಿ ಇನ್ನೊಂದು ಸಂಗತಿ ಮುಂದಿಟ್ಟರು. ದಾಖಲೆ ಒಂದೇ ಕಡೆ ಸಿಕ್ಕಿದ್ದರಿಂದ ದೊಡ್ಡ ಪ್ರಮಾಣದಲ್ಲಿ ಜಮೀನು ಹಿಡಿಯುವವರ ಹಾದಿಯೂ ಸುಗಮವಾಯಿತು ಎಂದು. ಎರಡೂ ಮಾತನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳುವ ಎಂಜಿನಿಯರುಗಳು ನಮಗೆ ಬೇಕು.

ಕೆಲಸ ಬಿಡಬೇಕೇ ಎಂದಿರಿ. ಈಗಲೇ ಬೇಡ. ಸೇವಾ ಸಂಸ್ಥೆಗಳ ಸಂಬಳ ನಿಮ್ಮ ಈಗಿನದಕ್ಕಿಂತ ಬಹಳ ಕಡಿಮೆ ಇರುತ್ತದೆ. ಮನೆ ಸಾಲ, ಅಪ್ಪ ಅಮ್ಮನ ಆರೋಗ್ಯ ಎಲ್ಲ ಲೆಕ್ಕಕ್ಕೆ ಬರಲಿ. ಮನೆಯವರನ್ನು ಕಷ್ಟಕ್ಕೆ ದೂಡಿ ಮಾಡುವ ಸೇವೆ ಬಹಳ ದಿನ ಬಾಳುವುದಿಲ್ಲ. ಆದರೆ ಸಂಬಳ ಮತ್ತು ಸೇವೆ ಎರಡೇ ದಾರಿ ಎಂದೂ ತಿಳಿಯಬೇಡಿ. ನೀವಿರುವ ಬೆಂಗಳೂರಿನಲ್ಲೇ ಇದನ್ನೇ ಕಸುಬಾಗಿಸಿಕೊಂಡವರಿದ್ದಾರೆ. ನಗರಸಭೆಗಳ ಆಡಳಿತಕ್ಕೆ ತಂತ್ರಾಂಶ ಮಾಡುವ ಇ-ಗವರ್ನಮೆಂಟ್ಸ್ ಫೌಂಡೇಶನ್ 2003ರಿಂದ ಇದೆ. ಹಳ್ಳಿಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳಿಗೆ ಮಾಹಿತಿ ಸಂಗ್ರಹದ ‘ಅವ್ನಿ’ ಕಟ್ಟಿದ ಸಮನ್ವಯ ಫೌಂಡೇಶನ್ ಇದೆ. ಕೆಲಸಗಾರರೇ ಒಡೆಯರಾಗಿರುವ ಸಹಕಾರಿ ನಿಲೆನ್ಸೊ, ರಕ್ತದೊತ್ತಡದ ರೋಗಿಗಳ ಲೆಕ್ಕ ಇಡುವ ‘ಸಿಂಪಲ್’ ಆ್ಯಪ್ ರೂಪಿಸುವಲ್ಲಿ ಕೈಜೋಡಿಸಿತು. ನರ್ಸ್ ಒಬ್ಬರು ನೆಟ್‌ವರ್ಕ್ ಇಲ್ಲದಿದ್ದರೂ ಕೆಲವೇ ಸೆಕೆಂಡುಗಳಲ್ಲಿ ಬಿಪಿ ದಾಖಲಿಸುವಂತೆ ಅದನ್ನು ಮಾಡಿದ್ದಾರೆ.

ಇಂಥ ಯಾರ ಬಳಿಗಾದರೂ ಹೋದಾಗ ‘ನಾನು ಏನು ಕಟ್ಟಿಕೊಡಲಿ’ ಎನ್ನಬೇಡಿ. ‘ಹೋದ ತಿಂಗಳು ಏನು ಕೆಟ್ಟು ನಿಂತಿತ್ತು’ ಎಂದು ಕೇಳಿ. ಸಿಗುವ ಉತ್ತರ ಸಣ್ಣದಿರುತ್ತದೆ: ಎರಡು ಎಕ್ಸೆಲ್ ಪಟ್ಟಿಗಳು ತಾಳೆಯಾಗುತ್ತಿಲ್ಲ, ಬ್ಯಾಕಪ್ ಯಾರೂ ನೋಡಿಲ್ಲ, ಕನ್ನಡದಲ್ಲಿ ಪ್ರಿಂಟ್ ತೆಗೆದರೆ ಒತ್ತಕ್ಷರ ಒಡೆಯುತ್ತದೆ. ಅದನ್ನೇ ಎತ್ತಿಕೊಳ್ಳಿ. ವಾರಕ್ಕೆ ನಾಲ್ಕು ಗಂಟೆ, ಒಂದು ವರ್ಷ, ತಪ್ಪದೆ. ವರ್ಷ ಕಳೆದ ಮೇಲೂ ಮನಸ್ಸು ಅಲ್ಲೇ ಇದ್ದರೆ ಆಗ ರಾಜೀನಾಮೆಯ ಮಾತಾಡೋಣ.

ಅದಕ್ಕೂ ಮೊದಲು ಊರಿಗೆ ಹೋಗಿ ಬನ್ನಿ. ಹಬ್ಬಕ್ಕಲ್ಲ, ಕೇಂದ್ರದಲ್ಲಿ ಮಕ್ಕಳನ್ನು ತೂಗುವ ದಿನ. ಲ್ಯಾಪ್‌ಟಾಪ್ ಮನೆಯಲ್ಲೇ ಇರಲಿ. ಅಮ್ಮನ ಅಧಿಕಾರಿಗಳಿಗೆ ಹೇಳಿ, ಅನುಮತಿ ಪಡೆದು, ಒಂದು ಮೂಲೆಯಲ್ಲಿ ಚಾಪೆಯ ಮೇಲೆ ಕುಳಿತುಕೊಳ್ಳಿ. ಅಳುವ ಮಗುವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಅಮ್ಮ ಆ ಪರದೆಯನ್ನು ಎಷ್ಟು ಸಲ ಒತ್ತುತ್ತಾರೆ, ಎಲ್ಲಿ ತಡೆಯುತ್ತಾರೆ, ಯಾವಾಗ ಬಿಟ್ಟು ಪುಸ್ತಕ ತೆಗೆಯುತ್ತಾರೆ, ಎಲ್ಲ ಬರೆದುಕೊಳ್ಳಿ. ನಡುವೆ ಬಾಯಿ ಹಾಕಬೇಡಿ. ರಾತ್ರಿ ಊಟವಾದ ಮೇಲೆ ಆ ಪಟ್ಟಿಯನ್ನು ಅಮ್ಮನಿಗೆ ಓದಿ ಹೇಳಿ, ಯಾವುದು ಮೊದಲು ಸರಿಯಾಗಬೇಕೆಂದು ಅವರನ್ನೇ ಕೇಳಿ. ಅವರು ಏನೆಂದರು ಎಂದು ನನಗೂ ಬರೆಯಿರಿ.