ಶೇಂಗಾ ಕಿತ್ತ ಮೇಲೆ ಎಲ್ಲಿಗೆ? ಹಂಗಾಮಿನ ಕೆಲಸಕ್ಕೆ ಹೊರಡುವವರಿಗೆ ಒಂದಿಷ್ಟು ಪಾಠ

ಚಳ್ಳಕೆರೆ, ಮೊಳಕಾಲ್ಮೂರು ಅಂದರೆ ಮಲೆನಾಡಿನವರಿಗೆ ಎರಡೇ ನೆನಪು. ಒಂದು ತೋಟಕ್ಕೆ ಬರುವ ಕುರಿಗೊಬ್ಬರದ ಲಾರಿ, ಇನ್ನೊಂದು ಕೊಯ್ಲಿಗೆ ಬರುವ ಆಳು. ಎರಡೂ ಒಂದೇ ದಾರಿಯಲ್ಲಿ ಬರುತ್ತವೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ನನ್ನದು ಐದು ಎಕರೆ ಖುಷ್ಕಿ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆ ನಂಬಿ ಶೇಂಗಾ ಹಾಕುತ್ತೇನೆ. ಜೂನ್ ಕೊನೆ, ಜುಲೈನಲ್ಲಿ ಬಿತ್ತನೆ. ಅಕ್ಟೋಬರ್, ನವೆಂಬರ್‌ನಲ್ಲಿ ಕೀಳೋದು. ಬಳ್ಳಿ ಬಣವೆ ಒಟ್ಟಿ, ಕಾಯಿ ಮಾರಿದ ಮೇಲೆ ಮುಂದಿನ ಉಳುಮೆವರೆಗೆ ಹೊಲದಲ್ಲಿ ಕೆಲಸವಿಲ್ಲ. ಕೊಳವೆ ಬಾವಿ ಇದ್ದವರ ಮಾತು ಬೇರೆ. ಮಳೆ ಚೆನ್ನಾಗಿ ಬಂದ ವರ್ಷವೂ ಮೂರು ನಾಲ್ಕು ತಿಂಗಳು ಕೈ ಖಾಲಿ. 2023ರಂಥ ವರ್ಷ ಬಂದರೆ ಕೇಳೋದೇ ಬೇಡ. ಆಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಹೇಳಿತ್ತು. ಆ ವರ್ಷ ನಮ್ಮ ಕಡೆ ಬಿತ್ತಿದ ಬೀಜ ಹುಟ್ಟದ ಹೊಲಗಳೂ ಇದ್ದವು.

ಹೀಗಾಗಿ ನಾನೂ ನನ್ನ ಮನೆಯಾಕೆಯೂ ಹನ್ನೊಂದು ಹಂಗಾಮು ಹೊರಗೆ ದುಡಿದಿದ್ದೇವೆ. ಕಾಫಿ ಕೊಯ್ಲು, ಅಡಿಕೆ ಸುಲಿತ, ಗದ್ದೆ ನಾಟಿ, ಮೆಣಸಿನಕಾಯಿ ಬಿಡಿಸೋದು ಎಲ್ಲಾ ಮಾಡಿದ್ದೀವಿ. ಕೆಲಸ ಮಾಡೋದನ್ನು ಯಾರೂ ಕಲಿಸಬೇಕಾಗಿಲ್ಲ, ಕೆಲಸ ಹುಡುಕೋದನ್ನು ಕಲಿಯಬೇಕು. ಹೊಸದಾಗಿ ಹೊರಡುವ ಹುಡುಗರು ಕೇಳುತ್ತಾರೆ ಅಂತ ಇಲ್ಲಿ ಬರೆದಿದ್ದೇನೆ. ಆಳು ಸಿಗದೆ ಒದ್ದಾಡುವ ತೋಟದವರೂ ಓದಿದರೆ ನಷ್ಟವಿಲ್ಲ.

ಯಾವಾಗ, ಎಲ್ಲಿ

ಮೊದಲು ನಮ್ಮ ಬಿಡುವಿಗೂ ಅವರ ಕೊಯ್ಲಿಗೂ ತಾಳೆ ಹಾಕಬೇಕು. ಮಲೆನಾಡಿನ ಅಡಿಕೆ ಕೊಯ್ಲು ಸೆಪ್ಟೆಂಬರ್, ಅಕ್ಟೋಬರ್‌ಗೆ ಶುರುವಾಗಿ ಜನವರಿವರೆಗೆ ನಡೆಯುತ್ತದೆ. ನಮ್ಮ ಶೇಂಗಾ ಕೀಳುವ ಕಾಲಕ್ಕೇ ಅವರಿಗೂ ಅವಸರ. ಅದಕ್ಕೇ ಅಡಿಕೆಯ ಮೊದಲ ಸುತ್ತಿಗೆ ನಮ್ಮವರು ಸಿಗೋದಿಲ್ಲ, ಕೊನೆ ಸುತ್ತಿಗೆ ಸಿಗುತ್ತಾರೆ. ಮರ ಹತ್ತುವ ಕಸುಬು ನಮ್ಮದಲ್ಲ. ಹೊರೋದು, ಸುಲಿಯೋದು, ಬೇಯಿಸೋದು, ಹರವೋದು ನಮ್ಮ ಪಾಲಿನ ಕೆಲಸ. ಸುಲಿತ ಅಳತೆ ಲೆಕ್ಕ. ರಾತ್ರಿಯೂ ಕೂತು ಸುಲಿಯಬಹುದು. ಕೈ ಪಳಗಿದ ಹೆಂಗಸರು ಗಂಡಸರಿಗಿಂತ ಹೆಚ್ಚು ದುಡಿದದ್ದು ನೋಡಿದ್ದೇನೆ.

ಕಾಫಿ ನಮಗೆ ಚೆನ್ನಾಗಿ ಹೊಂದುತ್ತದೆ. ಅರೇಬಿಕಾ ನವೆಂಬರ್‌ನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಚಿಕ್ಕಮಗಳೂರು, ಸಕಲೇಶಪುರ, ಕೊಡಗು ಮೂರೂ ಕಡೆ ಆಳು ಬೇಕು. ಈಗ ಅಸ್ಸಾಂ ಕಡೆಯವರೂ ಬಂದಿದ್ದಾರೆ. ಅವರು ವರ್ಷವಿಡೀ ಲೈನ್ ಮನೆಯಲ್ಲೇ ಇರುತ್ತಾರೆ. ನಾವು ಎರಡು ಮೂರು ತಿಂಗಳ ನೆಂಟರು.

ಇನ್ನು ಹತ್ತಿರದ್ದು ತುಂಗಭದ್ರಾ ನೀರಾವರಿಯ ಸಿರುಗುಪ್ಪ, ಬಳ್ಳಾರಿ ಕಡೆ. ಮೊಳಕಾಲ್ಮೂರಿನ ರಾಂಪುರದಿಂದ ಬಳ್ಳಾರಿ ಏನು ದೂರ? ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿ ಬಿಡಿಸೋ ಕೆಲಸ. ಮನೆ ಬಿಟ್ಟು ದೂರ ಇರಲಾಗದವರಿಗೆ ಇದೇ ಸರಿ. ದಾವಣಗೆರೆ ಭದ್ರಾ ಕಾಲುವೆ ಕಡೆ ಜನವರಿ, ಫೆಬ್ರವರಿಯಲ್ಲಿ ಬೇಸಿಗೆ ನಾಟಿ. ನಾಟಿ ಗುತ್ತಿಗೆ ಎಕರೆ ಲೆಕ್ಕ, ಹತ್ತು ಹನ್ನೆರಡು ಹೆಂಗಸರ ಗುಂಪು ಬೇಕು. ಒಬ್ಬರಿಬ್ಬರು ಹೋದರೆ ಯಾರೂ ಮಾತಾಡಿಸಲ್ಲ.

ಮೇಸ್ತ್ರಿ ಬೇಕೆ?

ಎಲ್ಲರ ಮೊದಲ ದಾರಿ ಮೇಸ್ತ್ರಿಯೇ. ದಸರಾ ಹೊತ್ತಿಗೆ ಹಟ್ಟಿಗೆ ಬರುತ್ತಾನೆ. ಜೋಡಿಗೆ ಇಷ್ಟು ಅಂತ ಮುಂಗಡ ಕೊಡುತ್ತಾನೆ. ಹಬ್ಬ ಎದುರಿಗಿದೆ, ಸೊಸೈಟಿ ಸಾಲ ತಲೆ ಮೇಲಿದೆ, ಯಾರು ಬೇಡ ಅಂತಾರೆ? ಮುಂಗಡ ತಗೊಂಡವನಿಗೆ ಕೂಲಿ ಚೌಕಾಸಿ ಮಾಡುವ ಬಾಯಿ ಇರೋದಿಲ್ಲ. ನಾಲ್ಕನೇ ಹಂಗಾಮಿನಲ್ಲಿ ನಮ್ಮ ಗುಂಪಿಗೆ ಹೀಗೇ ಆಯಿತು. ತೋಟದವರು ಕೊಟ್ಟ ದರ ಒಂದು, ಮೇಸ್ತ್ರಿ ನಮಗೆ ಹೇಳಿದ್ದು ಇನ್ನೊಂದು. ಗೊತ್ತಾದದ್ದು ಲೆಕ್ಕ ಮುಗಿದು, ಬಸ್ಸಿಗೆ ಕಾಯುವಾಗ, ಪಕ್ಕದ ತೋಟದ ಆಳುಗಳ ಬಾಯಿಂದ.

ಒಳ್ಳೆ ಮೇಸ್ತ್ರಿಗಳೂ ಇದ್ದಾರೆ. ಕಾಯಿಲೆ ಬಿದ್ದವರನ್ನು ರಾತ್ರೋರಾತ್ರಿ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದವನನ್ನು ನಾನೇ ಕಂಡಿದ್ದೇನೆ. ಆದರೆ ಮುಂಗಡ ತೀರುವವರೆಗೆ ಊರಿಗೆ ಬಿಡೋದಿಲ್ಲ ಅಂತ ಯಾರಾದರೂ ಹೇಳಿದರೆ ಅದು ಜೀತವೇ. 1976ರ ಕಾಯ್ದೆಯಲ್ಲಿ ಜೀತ ರದ್ದಾಗಿದೆ. ತಹಶೀಲ್ದಾರರಿಗೋ ಉಪವಿಭಾಗಾಧಿಕಾರಿಗೋ ಹೇಳಬಹುದು ಅನ್ನೋದು ಹೊರಡುವ ಮೊದಲೇ ಗೊತ್ತಿರಲಿ.

ಮೇಸ್ತ್ರಿ ಇಲ್ಲದೆ ಹೋಗುವ ದಾರಿಯೇ ಆ ಗೊಬ್ಬರದ ಲಾರಿ. ನಮ್ಮ ಹಟ್ಟಿಗಳಿಂದ ಕುರಿಗೊಬ್ಬರ ತುಂಬಿಕೊಂಡು ಹೋಗುವ ಚಾಲಕನಿಗೆ ಯಾವ ತೋಟದಲ್ಲಿ ಏನು ಬೆಳೆ, ಸಾಹುಕಾರ ದುಡ್ಡು ಸಲೀಸಾಗಿ ಕೊಡ್ತಾನೋ ಸತಾಯಿಸ್ತಾನೋ ಎಲ್ಲಾ ಗೊತ್ತು. ಅವನ ಗೊಬ್ಬರದ ಬಾಕಿ ಉಳಿಸಿಕೊಂಡವನು ನಮ್ಮ ಕೂಲಿಯನ್ನೂ ಉಳಿಸಿಕೊಳ್ಳುತ್ತಾನೆ. ಆರನೇ ವರ್ಷದಿಂದ ನಾವು ಹುಡುಕಿದ ತೋಟಗಳೆಲ್ಲಾ ಹೀಗೆ ಸಿಕ್ಕಿದವು. ಚಾಲಕನಿಂದ ಫೋನ್ ನಂಬರ್ ಇಸಕೊಂಡು ಅಕ್ಟೋಬರ್‌ನಲ್ಲೇ ಮಾತಾಡಿ, ಇಬ್ಬರು ಮೊದಲು ಹೋಗಿ ನೋಡಿ ಬರುವುದು. ಒಂದು ದಿನ ಕೂಲಿ, ಬಸ್ ಚಾರ್ಜು ಹೋಗುತ್ತದೆ, ಹೋಗಲಿ. ಹೆಂಗಸರು ಹೋಗಿ ನೋಡಿ ಬಂದರೆ ಇನ್ನೂ ಒಳ್ಳೆಯದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ. ಅಲ್ಲದೆ ನೀರು, ಸೌದೆ, ಬಚ್ಚಲು ನೋಡುವ ಕಣ್ಣು ಅವರದ್ದು. ನಾವು ಗಂಡಸರು ಕೂಲಿ ಕೇಳಿ ಬಂದುಬಿಡ್ತೀವಿ.

ಕೇಳಲೇಬೇಕಾದ ಮಾತು

ಸಂಕೋಚ ಬೇಡ. ಕೇಳೋದಿದ್ದರೆ ಗಂಟು ಮೂಟೆ ಕಟ್ಟುವ ಮೊದಲು ಕೇಳಬೇಕು. ನಾನು ಮಾತಾಡುವ ರೀತಿ ಹೀಗೆ:

"ಅಣ್ಣಾ, ದಿನಗೂಲಿನಾ, ಕೇಜಿ ಲೆಕ್ಕನಾ?"

"ಕೇಜಿ ಲೆಕ್ಕ."

"ಮೊದಲ ಸುತ್ತೂ ಕೇಜಿ ಲೆಕ್ಕನೇನಾ?"

ಈ ಎರಡನೇ ಪ್ರಶ್ನೆಗೆ ಎದುರಿನವರು ಸ್ವಲ್ಪ ತಡೆದು ಉತ್ತರ ಹೇಳುತ್ತಾರೆ. ಕಾರಣ ಇದೆ. ಅರೇಬಿಕಾ ಒಟ್ಟಿಗೆ ಹಣ್ಣಾಗೋದಿಲ್ಲ. ಮೊದಲ ಸುತ್ತಿನಲ್ಲಿ ಗಿಡಕ್ಕೆ ನಾಲ್ಕು ಹಣ್ಣು ಹುಡುಕಿ ಕೀಳಬೇಕು. ದಿನವೆಲ್ಲಾ ತಿರುಗಿದರೂ ಚೀಲ ತುಂಬಲ್ಲ. ಕೊನೆಗೆ ನೆಲಕ್ಕೆ ಬಿದ್ದ ಕಾಯಿ ಆರಿಸೋದೂ ಹಾಗೇ. ಈ ಎರಡು ಕೆಲಸಕ್ಕೆ ದಿನಗೂಲಿ ಕೇಳಬೇಕು, ನಡುವಿನ ಜೋರು ಕೊಯ್ಲಿಗೆ ಕೇಜಿ ಲೆಕ್ಕ. ರೋಬಸ್ಟಾ ಗೊಂಚಲು ಗೊಂಚಲಾಗಿ ಬಿಡುತ್ತದೆ, ತೂಕ ಬೇಗ ಬರುತ್ತದೆ. ಅಲ್ಲಿನ ದರ ಅರೇಬಿಕಾಕ್ಕಿಂತ ಕಡಿಮೆ ಇದ್ದರೆ ಅದು ಮೋಸವಲ್ಲ.

ನಾಯಕನಹಟ್ಟಿ ತಿಪ್ಪೇಸ್ವಾಮಿಗಳು ಐದು ಕೆರೆ ಕಟ್ಟಿಸಿದವರು. "ಮಾಡಿದಷ್ಟು ನೀಡು ಭಿಕ್ಷೆ" ಅನ್ನೋ ಅವರ ಮಾತು ನಮ್ಮ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಕೇಜಿ ಲೆಕ್ಕ ಅಂದರೆ ಅದೇ ತಾನೆ ಅಂತ ನಮ್ಮವರು ಒಪ್ಪಿಬಿಡುತ್ತಾರೆ. ಆದರೆ ಮಾಡಿದ್ದು ಎಷ್ಟು ಅಂತ ತೂಗುವ ತಕ್ಕಡಿ ಯಾರ ಕೈಯಲ್ಲಿದೆ ಅನ್ನೋದನ್ನೂ ನೋಡಬೇಕಲ್ಲ. ಸಂಜೆ ತೂಕದ ಹೊತ್ತಿಗೆ ಗುಂಪಿನ ಒಬ್ಬರು ಮುಳ್ಳಿನ ಮುಂದೆ ನಿಲ್ಲಲಿ. ಗೋಣಿಚೀಲ ಒಂದು ಕೇಜಿಗಿಂತ ಹಗುರ. ಅದಕ್ಕೆ ಎರಡು ಕೇಜಿ ಕಳೆಯುವ ತೋಟಗಳಿವೆ. ಜೋಡಿ ದಿನಕ್ಕೆ ನಾಲ್ಕು ಚೀಲ ಕೊಯ್ದರೆ ನಾಲ್ಕು ಕೇಜಿ ಹೋಯಿತು. ಕೇಜಿಗೆ ಐದು ರೂಪಾಯಿ ಹಿಡಿದರೂ ದಿನಕ್ಕೆ 20, ನಲವತ್ತೆಂಟು ದಿನಕ್ಕೆ 960 ರೂಪಾಯಿ. ಒಂದು ಕೊಕ್ಕೆ ತಕ್ಕಡಿ ತಗೊಂಡು ಹೋಗಿ. ಜಗಳಕ್ಕಲ್ಲ, ನಮ್ಮ ಮನಸ್ಸಿನ ಸಮಾಧಾನಕ್ಕೆ. ಅದು ಚೀಲದಲ್ಲಿದೆ ಅಂತ ರೈಟರ್‌ಗೆ ಗೊತ್ತಾದರೂ ಸಾಕು.

ಇಡೀ ಹಂಗಾಮಿನ ಲೆಕ್ಕವನ್ನೂ ಮೊದಲೇ ಹಾಕಬೇಕು. "ಜೋಡಿಗೆ ದಿನಕ್ಕೆ 800 ಬೀಳ್ತದೆ, ಎರಡು ತಿಂಗಳಿಗೆ 48 ಸಾವಿರ" ಅನ್ನುತ್ತಾರೆ. ಅರವತ್ತು ದಿನದಲ್ಲಿ ವಾರದ ರಜೆ ಎಂಟು. ಮಳೆ, ಜ್ವರ ಅಂತ ನಾಲ್ಕು. ಉಳಿದದ್ದು 48. ಮೊದಲ ಆರು ದಿನ ಕೈ ಹಿಡಿಯೋದಿಲ್ಲ, ಅರ್ಧವೇ. ಅಂದರೆ 42 ದಿನಕ್ಕೆ 33,600, ಆರು ದಿನಕ್ಕೆ 2,400, ಒಟ್ಟು 36,000. ಇಬ್ಬರ ಊಟಕ್ಕೆ ದಿನಕ್ಕೆ 150ರಂತೆ 9,000. ಬಸ್ಸು, ಸಂತೆ, ಮಾತ್ರೆ ಅಂತ 3,000. ಕೈಗೆ ಉಳಿಯೋದು 24,000. ಮುಂಗಡ ಇಪ್ಪತ್ತು ಸಾವಿರ ಹಬ್ಬದಲ್ಲೇ ಖರ್ಚಾಗಿದ್ದರೆ ಊರಿಗೆ ತರೋದು ನಾಲ್ಕು ಸಾವಿರ. ದರ ನಿಮ್ಮಲ್ಲಿ ಹೆಚ್ಚಿರಬಹುದು, ಕಡಿಮೆ ಇರಬಹುದು. ಲೆಕ್ಕ ಹಾಕುವ ಕ್ರಮ ಇದೇ.

ಊಟದ ಖರ್ಚಿನಲ್ಲಿ ಉಳಿಸಬಹುದು. ಆಧಾರ್ ಜೋಡಿಸಿದ ಪಡಿತರ ಚೀಟಿಗೆ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಸಿಗುತ್ತದೆ. ರಾಗಿ ಹಿಟ್ಟು, ಹುರಿದ ಶೇಂಗಾ, ಒಣ ಖಾರ ಮನೆಯಿಂದಲೇ ಒಯ್ಯಬೇಕು. ಕಂಬಳಿ ಮರೆಯಬಾರದು. ಕಂಬಳಿಗೆ ಹೆಸರಾದ ಚಳ್ಳಕೆರೆಯವರೇ ಡಿಸೆಂಬರ್ ಚಳಿಗೆ ತೋಟದ ಗೋಣಿ ಹೊದ್ದು ಮಲಗಿದ್ದು ಕಂಡು ನನಗೇ ನಾಚಿಕೆಯಾಗಿದೆ.

ಕಾಡಿನ ಅಪಾಯ

ಇದನ್ನು ಯಾವ ಮೇಸ್ತ್ರಿಯೂ ಹೇಳೋದಿಲ್ಲ. ಸಕಲೇಶಪುರ, ಆಲೂರು, ಕೊಡಗಿನ ತೋಟಗಳಲ್ಲಿ ಆನೆ ಇದೆ. ಬಯಲಿನವರಿಗೆ ಆನೆ ಅಂದರೆ ಜಾತ್ರೆಯದು. ಬೆಳಕು ಹರಿಯುವ ಮುಂಚೆ ತೋಟದ ದಾರಿಯಲ್ಲಿ ನಡೆಯಬಾರದು. ಅಲ್ಲಿನವರು ಇವತ್ತು ಆ ಬ್ಲಾಕು ಬೇಡ ಅಂದರೆ ಬೇಡವೇ.

ಸಾಗರ, ತೀರ್ಥಹಳ್ಳಿ, ಕೊಪ್ಪ, ನರಸಿಂಹರಾಜಪುರ ಕಡೆ ಹೋಗುವವರಿಗೆ ಮಂಗನ ಕಾಯಿಲೆ ಗೊತ್ತಿರಲೇಬೇಕು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗೊತ್ತಾದ ಜ್ವರ ಇದು. ಉಣುಗು ಕಚ್ಚಿ ಬರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಅಂದರೆ ಸರಿಯಾಗಿ ನಾವು ಅಲ್ಲಿರುವ ಕಾಲ. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಜನ ಸತ್ತರು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸಬೇಕು. ಆರೋಗ್ಯ ಇಲಾಖೆಯವರು ಮೈಗೆ ಹಚ್ಚುವ ಎಣ್ಣೆ ಕೊಡುತ್ತಾರೆ, ಕೇಳಿ ತಗೊಳ್ಳಿ. ಸೌದೆಗೆ, ತರಗೆಲೆಗೆ ಕಾಡಿಗೆ ಹೋಗಿ ಬಂದರೆ ಬಿಸಿನೀರು ಸ್ನಾನ, ಬಟ್ಟೆ ಬದಲು. ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಊರಿಗೆ ಹೋಗಿ ತೋರಿಸೋಣ ಅಂತ ಬಸ್ಸು ಹತ್ತಬಾರದು. ನಮ್ಮ ಕಡೆ ಡಾಕ್ಟರಿಗೆ ಈ ಜ್ವರ ಥಟ್ಟನೆ ಹೊಳೆಯೋದಿಲ್ಲ. ಅಲ್ಲಿನ ಸರ್ಕಾರಿ ಆಸ್ಪತ್ರೆಯವರಿಗೆ ನೋಡಿದ ತಕ್ಷಣ ಅನುಮಾನ ಬರುತ್ತದೆ.

ಮಕ್ಕಳ ವಿಚಾರ ಹೇಳದಿದ್ದರೆ ಆಗದು. ಅಜ್ಜಿ ಇದ್ದರೆ ಊರಲ್ಲೇ ಬಿಡುವುದು ಮೇಲು. ಇಲ್ಲದಿದ್ದರೆ ತೋಟದ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿ. ವರ್ಗಾವಣೆ ಪತ್ರ ಇಲ್ಲ ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ, 2009ರ ಶಿಕ್ಷಣ ಹಕ್ಕಿನ ಕಾಯ್ದೆಯಲ್ಲಿ ಇದು ಸ್ಪಷ್ಟ ಇದೆ. ಮಗ ಎರಡು ಚೀಲ ಹೆಚ್ಚು ಕೊಯ್ತಾನೆ ಅನ್ನುವ ಆಸೆ ಬಹಳ ದುಬಾರಿ.

ಸಮುದ್ರದಾಚೆ

ನಮ್ಮೂರಿನ ಪದವಿ ಓದಿದ ಹುಡುಗನೊಬ್ಬ ಕೇಳಿದ, "ಮಾವ, ಆಸ್ಟ್ರೇಲಿಯಾದಲ್ಲಿ ಬೆನ್ನಿಗೆ ಚೀಲ ಹಾಕ್ಕೊಂಡು ಊರೂರು ತಿರುಗ್ತಾ ಹಣ್ಣು ಕೊಯ್ದು ದುಡೀತಾರಂತೆ, ನಿಜನಾ?" ನಿಜ. ಅಲ್ಲಿನ ಸರ್ಕಾರ 2024ರಿಂದ ಭಾರತದವರಿಗೂ ಆ ಬಗೆಯ ವೀಸಾ ತೆರೆಯಿತು. ವರ್ಷಕ್ಕೆ ಸಾವಿರ ಜನ, ವಯಸ್ಸು 18ರಿಂದ 30, ಲಾಟರಿಯಲ್ಲಿ ಹೆಸರು ಬರಬೇಕು. ಓದು, ಇಂಗ್ಲಿಷು, ಕೈಯಲ್ಲಿ ಒಂದಿಷ್ಟು ಹಣ ಎಲ್ಲಾ ತೋರಿಸಬೇಕು. ಎರಡನೇ ವರ್ಷವೂ ಉಳಿಯಬೇಕಾದರೆ ಹಳ್ಳಿಗಾಡಿನಲ್ಲಿ ಮೂರು ತಿಂಗಳು ಅವರು ಗೊತ್ತುಮಾಡಿದ ಕೆಲಸ ಮಾಡಿರಬೇಕು, ತೋಟದ ಕೆಲಸವೂ ಅದರಲ್ಲಿ ಸೇರಿದೆ. ಏಜೆಂಟ್ ಯಾರಾದರೂ ಲಾಟರಿ ಗ್ಯಾರಂಟಿ ಅಂತ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬಾ ಅಂದೆ.

ನನಗೆ ಹಿಡಿಸಿದ್ದು ಬೇರೆ ಸಂಗತಿ. ಅಲ್ಲಿಯೂ ಬುಟ್ಟಿ ಲೆಕ್ಕದ ಕೂಲಿಯಲ್ಲಿ ಮೋಸ ನಡೆಯುತ್ತಿತ್ತು. ಕೊನೆಗೆ 2022ರ ಏಪ್ರಿಲ್‌ನಿಂದ ಒಂದು ನಿಯಮ ಬಂತು. ಎಷ್ಟೇ ಕೊಯ್ಯಲಿ, ಗಂಟೆಗೆ ಇಷ್ಟು ಅನ್ನುವ ಕನಿಷ್ಠ ಕೂಲಿ ಕೊಡಲೇಬೇಕು, ಹೆಚ್ಚು ಕೊಯ್ದವನಿಗೆ ಹೆಚ್ಚು. ನಮ್ಮ ತೋಟಗಳಲ್ಲಿ ಇಷ್ಟು ಮಾಡಿದರೂ ಬೇಕಾದಷ್ಟಾಯಿತು. ನಾನು ಈಚಿನ ನಾಲ್ಕು ವರ್ಷ ಹೋಗುತ್ತಿರುವ ತೋಟದವರು ಕಾನೂನು ನೋಡಿ ಅಲ್ಲ, ತಾವಾಗಿಯೇ ಹೀಗೆ ಮಾಡುತ್ತಾರೆ. ಗಿಡದಲ್ಲಿ ಕಾಯಿ ತೆಳುವಾದ ದಿನ ದಿನಗೂಲಿ ಬರೆಯುತ್ತಾರೆ. ಅವರಿಗೆ ಆಳಿನ ತೊಂದರೆ ಇಲ್ಲ. ನಮ್ಮ ಹಟ್ಟಿಯಿಂದ ಹದಿನಾಲ್ಕು ಜನ ಕರೆಯದೆಯೇ ಹೋಗುತ್ತೇವೆ.

ಆಳು ಬೇಕಾದ ತೋಟದವರಿಗೆ ಕಡೆಯದಾಗಿ ಒಂದು ಮಾತು. ಫಾಲ್ಗುಣದಲ್ಲಿ ನಾಯಕನಹಟ್ಟಿ ತೇರು. ಮಾರ್ಚ್‌ನಲ್ಲಿ ಬೀಳುತ್ತದೆ. ಆ ವಾರ ನಮ್ಮವರು ಯಾರೂ ನಿಲ್ಲೋದಿಲ್ಲ, ದುಪ್ಪಟ್ಟು ಕೂಲಿ ಕೊಟ್ಟರೂ ಅಷ್ಟೇ. ರೋಬಸ್ಟಾ ಉಳಿದಿದ್ದರೆ ತೇರಿಗೆ ಎಂಟು ದಿನ ಮುಂಚೆ ಮುಗಿಯುವಂತೆ ಜನ ಕರೆಸಿಕೊಳ್ಳಿ, ಇಲ್ಲವೇ ತೇರಿನ ಮರುದಿನ ಮರಳುವಂತೆ ಅರ್ಧ ಲೆಕ್ಕ ಕೊಟ್ಟು ಕಳಿಸಿ. ಲೆಕ್ಕ ಪೂರ್ತಿ ತಡೆಹಿಡಿದರೆ ಬರ್ತಾರೆ ಅಂದುಕೊಳ್ಳಬೇಡಿ. ಆ ವರ್ಷ ಬರ್ತಾರೆ, ಮುಂದಿನ ವರ್ಷ ಗೊಬ್ಬರದ ಲಾರಿಯವನ ಹತ್ತಿರ ನಿಮ್ಮ ತೋಟದ ಹೆಸರು ಕೇಳೋದಿಲ್ಲ.